ಡ್ರೈವರ್ ಕೊನೆಗೆ ಕೊಳ್ಳಿ

ಪ್ರಶ್ನೆ: ನನಗೆ 41 ವರ್ಷ. ಗಾಲ್ಫ್ ಕಲಿಯಲು ಶುರು ಮಾಡಿ ಒಂದು ವರ್ಷವಾಯಿತು. ಇಷ್ಟು ದಿನ ಭಾವನ ಹಳೇ ಸೆಟ್‌ನಲ್ಲೇ ಆಡುತ್ತಿದ್ದೆ. ಸ್ಕೋರ್ 105ರಿಂದ 110ರ ನಡುವೆ ಓಡಾಡುತ್ತಿದೆ. ಅತಿ ದೂರ ಹೊಡೆಯುವ ಕ್ಲಬ್ (ಗಾಲ್ಫ್ ದಾಂಡು) ಆದ ಡ್ರೈವರ್ ಬೀಸಿದರೆ ಚೆಂಡು ಬಲಕ್ಕೆ ತಿರುಗಿ ಮರಗಳ ಒಳಗೆ ಹೋಗುತ್ತದೆ. ಈಗ ಸ್ವಂತ ಸೆಟ್ ಕೊಳ್ಳಬೇಕು. ಅಂಗಡಿಯವರು ಹೊಸ ಡ್ರೈವರ್‌ನಿಂದ ಶುರು ಮಾಡಿ ಎನ್ನುತ್ತಾರೆ. ಜೊತೆಗೆ ಆಡುವವರಲ್ಲಿ ಒಬ್ಬರು ಸ್ಟಿಫ್ ಶಾಫ್ಟ್ (ಕಡಿಮೆ ಬಳುಕುವ ಕೋಲು) ತಗೊಳ್ಳಿ ಎಂದರೆ, ಇನ್ನೊಬ್ಬರು ಟೂರ್ ಆಟಗಾರರು, ಅಂದರೆ ವೃತ್ತಿಪರರು, ಆಡುವ ಚೆಂಡೇ ಬೇಕು ಎನ್ನುತ್ತಾರೆ. 14 ಕ್ಲಬ್ಬೂ ಬೇಕಾ? ಸೆಕೆಂಡ್ ಹ್ಯಾಂಡ್ ನಡೆಯುತ್ತಾ? ಗ್ಲೌಸ್, ಶೂ, ದೂರ ಅಳೆಯುವ ರೇಂಜ್‌ಫೈಂಡರ್ ಇವುಗಳಲ್ಲಿ ಯಾವುದಕ್ಕೆ ದುಡ್ಡು ಹಾಕಲಿ?

ಉತ್ತರ: ಅಂಗಡಿಯವರು ಹೇಳಿದ ಕ್ರಮವನ್ನು ಪೂರ್ತಿ ತಿರುಗಿಸಿ. ಮೊದಲು ಪಟರ್ (ಚೆಂಡನ್ನು ಹೋಲ್‌ಗೆ ಉರುಳಿಸುವ ಕ್ಲಬ್) ಮತ್ತು ವೆಡ್ಜ್ (ಹತ್ತಿರದಿಂದ ಎತ್ತರಕ್ಕೆ ಹಾರಿಸುವುದು), ಆಮೇಲೆ ಐರನ್ (ಮಧ್ಯಮ ದೂರದ್ದು), ಆಮೇಲೆ ವುಡ್ (ದೊಡ್ಡ ತಲೆಯ, ದೂರದ್ದು). ಎಲ್ಲ ಮುಗಿದ ಮೇಲೆ ಡ್ರೈವರ್. ಒಂದು ಸುತ್ತಿನಲ್ಲಿ ಡ್ರೈವರ್ ಹೊರಗೆ ಬರುವುದು ಸಾಮಾನ್ಯವಾಗಿ 14 ಸಲ. ಪಾರ್ 72ರ (ಸುತ್ತಿಗೆ ನಿಗದಿಯಾದ ಹೊಡೆತಗಳ) ಲೆಕ್ಕದಲ್ಲಿ ಪಟಿಂಗ್‌ಗೇ 36 ಹೊಡೆತ ಮೀಸಲು, ನಮ್ಮಂಥವರು ಅದನ್ನೂ ದಾಟುತ್ತೇವೆ. ದೂರ ಹೊಡೆಯುವವರ ಸ್ಕೋರ್ ಚೆನ್ನಾಗಿರುತ್ತದೆ ಎಂದು ನಿಮ್ಮ ಗೆಳೆಯರು ವಾದ ಮಾಡಬಹುದು. ಸುಳ್ಳಲ್ಲ. ಆದರೆ ಆ ದೂರ ಬರುವುದು ಸ್ವಿಂಗ್‌ನಿಂದ. ಒಂದು ವರ್ಷದ ಸ್ವಿಂಗ್ ಇನ್ನೂ ಬದಲಾಗುತ್ತಲೇ ಇರುತ್ತದೆ. ಅದು ಬದಲಾದಾಗ ಮೊದಲು ಹೊಂದದೆ ಹೋಗುವ ಕ್ಲಬ್ ಡ್ರೈವರ್. ಒಳ್ಳೆಯ ಪಟರ್ ಸಿಕ್ಕರೆ ವರ್ಷಗಟ್ಟಲೆ ಜೊತೆಗಿರುತ್ತದೆ.

ದುಡ್ಡು ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಭಾವನ ಸೆಟ್ ಇನ್ನೂ ಕೈಯಲ್ಲಿದೆ, ಅಲ್ವಾ? ವೈಟ್‌ಬೋರ್ಡ್ ಮೇಲೆ ಬರೆಯುವ ಮಾರ್ಕರ್ ಪೆನ್ ತಗೊಂಡು ಚೆಂಡಿನ ಮೇಲೆ ದಪ್ಪಗೆ ಒಂದು ನೇರ ಗೆರೆ ಎಳೆಯಿರಿ. ಗೆರೆ ಕ್ಲಬ್‌ಗೆ ಎದುರಾಗಿ, ನೆಟ್ಟಗೆ ನಿಲ್ಲುವಂತೆ ಚೆಂಡನ್ನಿಟ್ಟು 7 ಐರನ್‌ನಲ್ಲಿ ಹೊಡೆಯಿರಿ. ಕ್ಲಬ್‌ನ ಫೇಸ್, ಅಂದರೆ ಚೆಂಡಿಗೆ ತಾಗುವ ಮುಖದ ಮೇಲೆ ಆ ಗೆರೆಯ ಅಚ್ಚು ಬಿದ್ದಿರುತ್ತದೆ. ಅದು ಎಲ್ಲಿ ಬಿದ್ದಿದೆ, ನೆಟ್ಟಗಿದೆಯೋ ಓರೆಯಾಗಿದೆಯೋ ನೋಡಿ, ಫೋಟೋ ತೆಗೆದುಕೊಳ್ಳಿ, ಬಟ್ಟೆಯಿಂದ ಒರೆಸಿ. ಹತ್ತು ಹೊಡೆತ ಹೀಗೆ ಮಾಡಿ. ಚೆನ್ನಾಗಿ ಬಂದದ್ದನ್ನು ಮಾತ್ರ ಲೆಕ್ಕ ಹಿಡಿಯಬೇಡಿ, ಕೆಟ್ಟದ್ದೂ ಇರಲಿ. ಆಮೇಲೆ ಇದನ್ನೇ ಡ್ರೈವರ್‌ನಲ್ಲಿ ಮಾಡಿ.

ಅಚ್ಚು ಪ್ರತಿಸಲ ಒಂದೇ ಕಡೆ ವಾಲಿದ್ದರೆ ಆ ಕ್ಲಬ್‌ನ ಲೈ, ಅಂದರೆ ಶಾಫ್ಟ್ ನೆಲಕ್ಕೆ ನಿಲ್ಲುವ ಕೋನ, ನಿಮಗೆ ಸರಿಯಿಲ್ಲ. ಕ್ಲಬ್ ಜಾಸ್ತಿ ನೆಟ್ಟಗಿದ್ದರೆ ಬಲಗೈ ಆಟಗಾರನ ಚೆಂಡು ಎಡಕ್ಕೆ ಹೊರಡುತ್ತದೆ, ಜಾಸ್ತಿ ಮಲಗಿದ್ದರೆ ಬಲಕ್ಕೆ. ಎಷ್ಟೋ ಜನ ಎತ್ತರಕ್ಕೆ ಹೊಂದದ ಕ್ಲಬ್ ಇಟ್ಟುಕೊಂಡು ಸ್ವಿಂಗ್ ಅನ್ನೇ ಬೈದುಕೊಳ್ಳುತ್ತಿರುತ್ತಾರೆ. ಹಲವು ಐರನ್‌ಗಳನ್ನು ಫಿಟಿಂಗ್ ಮಾಡುವವರು ಒಂದೆರಡು ಡಿಗ್ರಿ ಬಗ್ಗಿಸಿಕೊಡುತ್ತಾರೆ. ಎರಕ ಹೊಯ್ದ ಕೆಲವು ತಲೆಗಳು ಬಗ್ಗುವುದಿಲ್ಲ, ಕೊಳ್ಳುವ ಮುಂಚೆ ಕೇಳಿಕೊಳ್ಳಿ.

ಡ್ರೈವರ್‌ನಲ್ಲಿ ಅಚ್ಚು ಹೀಲ್ ಕಡೆ, ಅಂದರೆ ಶಾಫ್ಟ್ ಸೇರುವ ಕಡೆ ಬಿದ್ದಿದ್ದರೆ, ಆ ಏಟೇ ಚೆಂಡಿಗೆ ಬಲಕ್ಕೆ ತಿರುಗುವ ಸ್ಪಿನ್ ಕೊಡುತ್ತದೆ. ಟೋ, ಅಂದರೆ ತಲೆಯ ಇನ್ನೊಂದು ತುದಿಯ ಕಡೆ ಬಿದ್ದರೆ ಎಡಕ್ಕೆ. ನಿಮ್ಮ ಸ್ಲೈಸ್‌ನ, ಅಂದರೆ ಬಲಕ್ಕೆ ತಿರುಗುವ ಆ ಹೊಡೆತದ, ಒಂದು ಪಾಲು ಇಲ್ಲೇ ಇರಬಹುದು. ಇನ್ನೊಂದು ಪಾಲು ಸ್ವಿಂಗ್ ಸಾಗುವ ದಾರಿಗೆ ಫೇಸ್ ತೆರೆದುಕೊಂಡಿರುವುದರಿಂದ ಬರುತ್ತದೆ. ಅದಕ್ಕೆ ಔಷಧಿ ಕೋಚ್ ಹತ್ತಿರ ಇದೆ, ಅಂಗಡಿಯಲ್ಲಿ ಇಲ್ಲ. 'ಡ್ರಾ' (ಎಡಕ್ಕೆ ತಿರುಗುವ ಹೊಡೆತ) ಎಂದು ಬರೆದ ಡ್ರೈವರ್‌ಗಳು ಸ್ವಲ್ಪ ಸಹಾಯ ಮಾಡುತ್ತವೆ. ಸ್ಲೈಸ್ ಸಣ್ಣದಾಗುತ್ತದೆಯೇ ಹೊರತು ಮಾಯವಾಗುವುದಿಲ್ಲ.

ಕ್ಲಬ್‌ನಿಂದ ನಿಜಕ್ಕೂ ಆಗುವ ಸಹಾಯ ಎರಡು: ಉದ್ದ ಮತ್ತು ಲಾಫ್ಟ್, ಅಂದರೆ ಫೇಸ್ ಹಿಂದಕ್ಕೆ ಓರೆಯಾಗಿರುವ ಕೋನ. ಈಗ ಅಂಗಡಿಯಲ್ಲಿ ಸಿಗುವ ಡ್ರೈವರ್ ಸಾಮಾನ್ಯವಾಗಿ 45.5 ಇಂಚಿನ ಆಸುಪಾಸಿನದು. 1997ರಲ್ಲಿ ಟೈಗರ್ ವುಡ್ಸ್ 12 ಹೊಡೆತಗಳ ಅಂತರದಲ್ಲಿ ಮಾಸ್ಟರ್ಸ್ ಟೂರ್ನಿ ಗೆದ್ದದ್ದು 43.5 ಇಂಚಿನ ಡ್ರೈವರ್ ಹಿಡಿದು. ಅವರಿಗಿಂತ ಎರಡು ಇಂಚು ಉದ್ದದ್ದು ನಮಗೇಕೆ? ಗ್ರಿಪ್ ಅನ್ನು ಒಂದು ಇಂಚು ಕೆಳಗೆ ಹಿಡಿದು ಹತ್ತು ಚೆಂಡು ಹೊಡೆದು ನೋಡಿ. ಅಚ್ಚು ನಡುಮಧ್ಯಕ್ಕೆ ಬಂದರೆ ನಿಮಗೆ ಬೇಕಾದ ಉದ್ದ ಗೊತ್ತಾಯಿತು. ಲಾಫ್ಟ್ 10.5ಕ್ಕಿಂತ ಕಡಿಮೆ ಬೇಡವೇ ಬೇಡ, 12 ಸಿಕ್ಕರೆ ಇನ್ನೂ ಒಳ್ಳೆಯದು. ಲಾಫ್ಟ್ ಜಾಸ್ತಿ ಇದ್ದಷ್ಟೂ ಚೆಂಡು ಪಕ್ಕಕ್ಕೆ ತಿರುಗುವುದು ಕಡಿಮೆ. 9 ಐರನ್‌ನಲ್ಲಿ ಅಷ್ಟು ದೊಡ್ಡ ಸ್ಲೈಸ್ ಬರದಿರುವುದಕ್ಕೆ ಕಾರಣವೂ ಇದೇ. 9 ಡಿಗ್ರಿ ಡ್ರೈವರ್ ಗಂಡಸುತನದ ಗುರುತು ಎಂಬಂತೆ ಮಾತಾಡುವವರಿದ್ದಾರೆ. ಅವರ ಚೆಂಡು ಎಲ್ಲಿ ಬೀಳುತ್ತದೆ ಎಂದು ಒಮ್ಮೆ ನೋಡಿ.

ಹೊಸ ಮಾದರಿ ಬಂತು, ಹಳೇದು ಕೆಲಸಕ್ಕೆ ಬಾರದು ಎನ್ನುವುದನ್ನು ನಂಬಬೇಡಿ. ಡ್ರೈವರ್ ತಲೆ 460 ಸಿಸಿ ದಾಟಬಾರದು ಎಂಬ ನಿಯಮ 2004ರಿಂದ ಇದೆ. ಫೇಸ್ ಎಷ್ಟು ಚಿಮ್ಮಬಹುದು ಎಂಬುದಕ್ಕೂ ಮಿತಿಯಿದೆ. ಕಂಪನಿಗಳು ಆ ಮಿತಿಯನ್ನು ಮುಟ್ಟಿ ಬಹಳ ವರ್ಷವಾಯಿತು. ನಡುವಿಗೆ ಬಿದ್ದ ಏಟಿನಲ್ಲಿ ಐದು ವರ್ಷ ಹಳೇ ಡ್ರೈವರ್‌ಗೂ ಈ ವರ್ಷದ್ದಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಪಕ್ಕಕ್ಕೆ ಬಿದ್ದ ಏಟನ್ನು ಹೊಸದು ಸ್ವಲ್ಪ ಜಾಸ್ತಿ ಸಂಭಾಳಿಸುತ್ತದೆ, ಅಷ್ಟೆ.

ಇನ್ನು 14ರ ಮಾತು. ಅದು ಗರಿಷ್ಠ ಮಿತಿ. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1938ರಲ್ಲಿ ಈ ಮಿತಿ ಹಾಕಿತು, ಮರುವರ್ಷ ಬ್ರಿಟನ್ನಿನ ಆರ್ ಅಂಡ್ ಎ ಕೂಡ ಒಪ್ಪಿಕೊಂಡಿತು. ಅದಕ್ಕೂ ಮೊದಲು ಕೆಲವರು ಇಪ್ಪತ್ತಕ್ಕಿಂತ ಜಾಸ್ತಿ ಕ್ಲಬ್ ಹೊರಿಸಿಕೊಂಡು ಬರುತ್ತಿದ್ದರು. ಮಿತಿ ಮೀರಿದರೆ ಸ್ಟ್ರೋಕ್ ಪ್ಲೇನಲ್ಲಿ, ಅಂದರೆ ಒಟ್ಟು ಹೊಡೆತ ಎಣಿಸುವ ಆಟದಲ್ಲಿ, ತಪ್ಪಾದ ಪ್ರತಿ ಹೋಲ್‌ಗೂ ಎರಡು ಹೊಡೆತ ದಂಡ, ಸುತ್ತಿಗೆ ಹೆಚ್ಚೆಂದರೆ ನಾಲ್ಕು. ಕನಿಷ್ಠ ಇಷ್ಟಿರಬೇಕು ಎಂಬ ನಿಯಮ ಇಲ್ಲ. ನಿಮಗೆ ಸದ್ಯಕ್ಕೆ ಒಂಬತ್ತು ಸಾಕು: 5 ವುಡ್, 5 ಹೈಬ್ರಿಡ್ (ವುಡ್‌ಗೂ ಐರನ್‌ಗೂ ನಡುವಿನದು), 6ರಿಂದ 9ರವರೆಗೆ ಐರನ್, ಪಿಚಿಂಗ್ ವೆಡ್ಜ್, ಸ್ಯಾಂಡ್ ವೆಡ್ಜ್, ಪಟರ್. 3 ವುಡ್ ಬೇಡ. 15 ಡಿಗ್ರಿಯ ಆ ಕ್ಲಬ್‌ನಲ್ಲಿ ನೆಲದ ಮೇಲಿನ ಚೆಂಡನ್ನು ಎತ್ತಬೇಕಾದರೆ ಸ್ವಿಂಗ್‌ನಲ್ಲಿ ವೇಗ ಬೇಕು. 5 ವುಡ್ ಸುಲಭವಾಗಿ ಏರುತ್ತದೆ, ಟೀ (ಚೆಂಡಿಡುವ ಸಣ್ಣ ಗೂಟ) ಮೇಲಿಂದಲೂ ನಡೆಯುತ್ತದೆ. ಡ್ರೈವರ್ ಕೊಳ್ಳುವವರೆಗೆ ಅದರಲ್ಲೇ ಟೀ ಹೊಡೆತ ಹೊಡೆಯಿರಿ. ಮರಗಳ ಒಳಗೆ ಚೆಂಡು ಹುಡುಕುವ ಸಮಯ ಎಷ್ಟು ಉಳಿಯುತ್ತದೆ ನೋಡಿ. 3, 4 ಐರನ್‌ಗಳನ್ನು ಯಾರಾದರೂ ಸುಮ್ನೆ ಕೊಟ್ಟರೂ ತಗೊಳ್ಳಬೇಡಿ.

ಐರನ್‌ಗಳಲ್ಲಿ ಹಿಂಭಾಗ ಟೊಳ್ಳಾಗಿರುವ ಕ್ಯಾವಿಟಿ ಬ್ಯಾಕ್ ಮಾದರಿಯನ್ನೇ ಆರಿಸಿ. ಇಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್ಹೈಮ್, ಪಿಂಗ್ ಕಂಪನಿ ಕಟ್ಟಿದವರು, ತೂಕವನ್ನು ತಲೆಯ ಅಂಚುಗಳಿಗೆ ಹಂಚುವ ಉಪಾಯವನ್ನು ಗಟ್ಟಿಯಾಗಿ ಹಿಡಿದರು. ತೂಕ ಅಂಚಿನಲ್ಲಿದ್ದರೆ ಏಟು ನಡುವಿಗೆ ಬೀಳದಿದ್ದರೂ ತಲೆ ಕೈಯಲ್ಲಿ ತಿರುಚಿಕೊಳ್ಳುವುದು ಕಡಿಮೆ. ತೆಳ್ಳಗಿನ ಬ್ಲೇಡ್ ನೋಡಲು ಚೆಂದ. ಅಷ್ಟೇ ಸಾಕು ಅದರ ಬಗ್ಗೆ.

ಕ್ಲಬ್ ಮೇಲೆ ಕೊರೆದಿರುವ ನಂಬರ್ ಮಾತ್ರ ನೋಡಬೇಡಿ. ಹಳೇ ಸೆಟ್‌ಗಳಲ್ಲಿ 7 ಐರನ್‌ನ ಲಾಫ್ಟ್ 34-35 ಡಿಗ್ರಿ ಇರುತ್ತಿತ್ತು. ಈಗ ಹವ್ಯಾಸಿಗಳಿಗೆಂದು ಮಾಡುವ ಎಷ್ಟೋ ಸೆಟ್‌ಗಳಲ್ಲಿ ಅದು 28-30ಕ್ಕೆ ಇಳಿದಿದೆ. ಅಂದರೆ ಹಳೇ 5 ಐರನ್‌ಗೆ ಈಗ 7 ಎಂದು ಹೆಸರು. ಗೆಳೆಯ ಹೊಸ 7 ಐರನ್‌ನಲ್ಲಿ ನಿಮಗಿಂತ ಹದಿನೈದು ಗಜ ದೂರ ಹೊಡೆದರೆ ಬೇಸರ ಮಾಡಿಕೊಳ್ಳಬೇಡಿ. ಆದರೆ ಇದರಿಂದ ಕೆಳಗಿನ ತುದಿಯಲ್ಲಿ ಒಂದು ಕಂದಕ ಬೀಳುತ್ತದೆ. ಅಂಥ ಸೆಟ್‌ನ ಪಿಚಿಂಗ್ ವೆಡ್ಜ್ 43-44 ಡಿಗ್ರಿ. ಸ್ಯಾಂಡ್ ವೆಡ್ಜ್ 56. ನಡುವೆ 12 ಡಿಗ್ರಿ ಖಾಲಿ. ಮಾಮೂಲಾಗಿ ಎರಡು ಕ್ಲಬ್ ನಡುವೆ ನಾಲ್ಕೈದು ಡಿಗ್ರಿ ಅಂತರ ಇರಬೇಕು. ಹಾಗಾಗಿ ಕಂಪನಿಯ ಲಾಫ್ಟ್ ಪಟ್ಟಿ ತೆಗೆಸಿ ನೋಡಿ, ಇಷ್ಟು ಅಂತರ ಕಂಡರೆ 49-50 ಡಿಗ್ರಿಯ ಗ್ಯಾಪ್ ವೆಡ್ಜ್ ಸೇರಿಸಿ. ಒಂಬತ್ತು ಹತ್ತಾಗುತ್ತದೆ, ಆಗಲಿ.

ಶಾಫ್ಟ್ ವಿಷಯಕ್ಕೆ ಬರೋಣ, ಅತಿ ಜಾಸ್ತಿ ಗೊಂದಲ ಇರುವುದು ಇಲ್ಲೇ. ಆರ್ ಅಂದರೆ ರೆಗ್ಯುಲರ್, ಎಸ್ ಅಂದರೆ ಸ್ಟಿಫ್. ಈ ಅಕ್ಷರಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆ ಇಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್‌ನಷ್ಟು ಗಟ್ಟಿ ಇರಬಹುದು. ಡ್ರೈವರ್ ವೇಗ ಗಂಟೆಗೆ 95 ಮೈಲಿ ದಾಟಿದವರಿಗೆ ಸ್ಟಿಫ್ ಎಂಬುದು ಒರಟು ಲೆಕ್ಕ. ನಿಮ್ಮ ವೇಗ ಗೊತ್ತಿಲ್ಲದಿದ್ದರೆ ರೆಗ್ಯುಲರ್‌ನಿಂದಲೇ ಶುರು ಮಾಡಿ. ಶಾಫ್ಟ್ ನಿಮಗೆ ಮೀರಿ ಗಟ್ಟಿಯಾಗಿದ್ದರೆ ಸಾಮಾನ್ಯವಾಗಿ ಚೆಂಡು ತಗ್ಗಿನಲ್ಲಿ ಹೋಗುತ್ತದೆ, ಬಲಕ್ಕೆ ಸರಿಯುತ್ತದೆ. ನಿಮಗೆ ಈಗಾಗಲೇ ಬಲಕ್ಕೇ ಹೋಗುತ್ತಿದೆ, ಅಲ್ವಾ?

ನನ್ನ ಪ್ರಕಾರ ಅಕ್ಷರಕ್ಕಿಂತ ತೂಕ ಮುಖ್ಯ. ಐರನ್‌ಗೆ ಹಾಕುವ ಸ್ಟೀಲ್ ಶಾಫ್ಟ್ ಹೆಚ್ಚಾಗಿ 95ರಿಂದ 130 ಗ್ರಾಂ, ಗ್ರಾಫೈಟ್ ಅದಕ್ಕಿಂತ ಬಹಳ ಹಗುರ. ಹದಿನಾಲ್ಕನೇ ಹೋಲ್ ಮೇಲೆ ನಿಮ್ಮ ಐರನ್ ಹೊಡೆತಗಳು ಬಿಗಿ ಕಳೆದುಕೊಳ್ಳುತ್ತವಾ? ಮೊಣಕೈ ನೋಯುತ್ತದಾ? ಹಾಗಿದ್ದರೆ ಗ್ರಾಫೈಟ್ ಅಥವಾ ಹಗುರ ಸ್ಟೀಲ್. ಗ್ರಾಫೈಟ್ ವಯಸ್ಸಾದವರಿಗೆ ಮಾತ್ರ ಎಂಬ ಕಾಲ ಹೋಯಿತು. ಲಾಂಚ್ ಮಾನಿಟರ್ (ಹೊಡೆತ ಅಳೆಯುವ ಯಂತ್ರ) ಇರುವ ಕಡೆ ಪರೀಕ್ಷೆ ಮಾಡಿದರೆ ಅತಿ ದೂರ ಹೋದ ಒಂದು ಹೊಡೆತ ತೋರಿಸಿ ಮಾರುತ್ತಾರೆ. ನೀವು ಕ್ಯಾರಿ ಸರಾಸರಿ ಕೇಳಿ. ಚೆಂಡು ಹಾರಿ ಮೊದಲು ನೆಲ ಮುಟ್ಟುವ ದೂರವೇ ಕ್ಯಾರಿ. ಎಡ-ಬಲ ಎಷ್ಟು ಅಗಲಕ್ಕೆ ಹರಡಿದೆ ಅದನ್ನೂ ಕೇಳಿ. ನನ್ನನ್ನು ಕೇಳಿದರೆ ಹತ್ತು ಗಜ ಕಡಿಮೆ ಹೋಗಿ, ಕಡಿಮೆ ಚದುರುವ ಕ್ಲಬ್ಬೇ ವಾಸಿ.

ಈಗ ನನಗೆ ಇಷ್ಟವಾದ ಭಾಗ, ಪಟರ್. ಶಾಫ್ಟ್ ಅನ್ನು ತಲೆಯ ಹತ್ತಿರ ಒಂದು ಬೆರಳ ಮೇಲೆ ಅಡ್ಡಡ್ಡ ತೂಗಿ ನಿಲ್ಲಿಸಿ. ಫೇಸ್ ಆಕಾಶ ನೋಡುತ್ತಿದ್ದರೆ ಅದು ಫೇಸ್ ಬ್ಯಾಲೆನ್ಸ್ಡ್, ನೇರಕ್ಕೆ ಹಿಂದೆಮುಂದೆ ಆಡುವ ಸ್ಟ್ರೋಕ್‌ಗೆ ಹೊಂದುತ್ತದೆ ಎನ್ನುತ್ತಾರೆ. ಟೋ ನೆಲದ ಕಡೆ ಜೋತರೆ, ಕಮಾನಿನಂತೆ ಆಡುವ ಸ್ಟ್ರೋಕ್‌ಗೆ. ಒಳ್ಳೆಯ ಸೂತ್ರ, ಆದರೆ ಇದರ ಮೇಲೆ ಒಂದು ಪರೀಕ್ಷೆ ಇದೆ. ಆರು ಅಡಿ ದೂರದಿಂದ ಹೋಲ್‌ನ ನಡುವಿಗೆ ಗುರಿ ಇಟ್ಟು ಹಾಗೇ ನಿಂತುಬಿಡಿ. ಗೆಳೆಯರೊಬ್ಬರು ಚೆಂಡಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಫೇಸ್ ಎಲ್ಲಿಗೆ ನೋಡುತ್ತಿದೆ ಹೇಳಲಿ. ನಾಲ್ಕೈದು ಪಟರ್‌ಗಳಲ್ಲಿ ಹೀಗೆ ಮಾಡಿ. ನಿಮ್ಮ ಕಣ್ಣಿಗೆ ನೇರ ಎನಿಸಿದ್ದು ಕೆಲವು ತಲೆಗಳಲ್ಲಿ ಹೋಲ್‌ನ ಅಂಚಿಗೂ ಆಚೆ ಇರುತ್ತದೆ. ಯಾವುದರಲ್ಲಿ ಮತ್ತೆಮತ್ತೆ ನಡುವಿಗೇ ಇರುತ್ತದೋ ಅದು ನಿಮ್ಮದು, ಹೆಸರು ಏನಾದರೂ ಇರಲಿ. ಉದ್ದ 33ರಿಂದ 35 ಇಂಚಿನೊಳಗೆ ಸಿಗುತ್ತದೆ. ಕೈ ಸಡಿಲವಾಗಿ ಇಳಿಬಿಟ್ಟು ನಿಂತಾಗ ಕಣ್ಣು ಚೆಂಡಿನ ನೇರ ಮೇಲೆ ಅಥವಾ ತುಸು ಒಳಗೆ ಇರಬೇಕು.

ಸ್ಯಾಂಡ್ ವೆಡ್ಜ್‌ನಲ್ಲಿ ಲಾಫ್ಟ್ ಪಕ್ಕದಲ್ಲಿ ಬರೆದಿರುವ ಎರಡನೇ ನಂಬರನ್ನು ಯಾರೂ ನೋಡುವುದಿಲ್ಲ. ಅದು ಬೌನ್ಸ್. ಕ್ಲಬ್‌ನ ತಳ ಮುಂದಿನ ಅಂಚಿಗಿಂತ ಎಷ್ಟು ಡಿಗ್ರಿ ಕೆಳಗೆ ಉಬ್ಬಿದೆ ಎಂಬ ಲೆಕ್ಕ. ಈ ಉಬ್ಬೇ ಮರಳಿನಲ್ಲಿ ಕ್ಲಬ್ ಹೂತುಹೋಗದಂತೆ ತಡೆಯುತ್ತದೆ. 1932ರಲ್ಲಿ ಬ್ರಿಟಿಷ್ ಓಪನ್ ಗೆದ್ದ ಜೀನ್ ಸರಾಜೆನ್ ತಳಕ್ಕೆ ಬೆಸುಗೆಯಲ್ಲಿ ಲೋಹ ಸೇರಿಸಿ ಈ ಕ್ಲಬ್ ಅನ್ನು ಬಳಕೆಗೆ ತಂದರು. ನೀವು ಆಡುವ ಕಡೆ ಬಂಕರ್ ಮರಳು ಮೆತ್ತಗಿದ್ದರೆ, ಅಥವಾ ನೀವು ಚೆಂಡಿನ ಹಿಂದೆ ಮಣ್ಣು ಅಗೆಯುವವರಾದರೆ 12-14 ಬೌನ್ಸ್. ನೆಲ ಗಟ್ಟಿ, ಹುಲ್ಲು ತೆಳ್ಳಗಿದ್ದರೆ 6-8 ನೋಡಿ. ಎರಡೂ ಥರ ಇದ್ದರೆ 10 ತಗೊಂಡು ತಲೆಬಿಸಿ ಬಿಡಿ.

ಚೆಂಡಿನ ನಿಯಮ ಚಿಕ್ಕದು: ತೂಕ 45.93 ಗ್ರಾಂ ಮೀರಬಾರದು, ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ವ್ಯತ್ಯಾಸ ಇರುವುದು ಮೇಲಿನ ಹೊದಿಕೆಯಲ್ಲಿ. ಕಡಿಮೆ ಬೆಲೆಯ ಚೆಂಡುಗಳಿಗೆ ಅಯಾನೊಮರ್ ಎಂಬ ಗಟ್ಟಿಮುಟ್ಟು ಪ್ಲಾಸ್ಟಿಕ್ ಹೊದಿಕೆ. ಟೂರ್ ಚೆಂಡುಗಳಿಗೆ ಮೆತ್ತನೆಯ ಯುರೇಥೇನ್. ಯುರೇಥೇನ್ ವೆಡ್ಜ್‌ನ ಗೆರೆಗಳನ್ನು ಕಚ್ಚಿ ಹಿಡಿಯುತ್ತದೆ, ಹಾಗಾಗಿ ಗ್ರೀನ್ (ಹೋಲ್ ಸುತ್ತಲಿನ ನುಣುಪು ಹುಲ್ಲು) ಮೇಲೆ ಬೇಗ ನಿಲ್ಲುತ್ತದೆ. ಡ್ರೈವರ್‌ನಲ್ಲಿ ಇವೆರಡರ ನಡುವೆ ನಮ್ಮಂಥವರಿಗೆ ಕಾಣುವ ವ್ಯತ್ಯಾಸ ಸಣ್ಣದು. ಆದ್ದರಿಂದ ಚೆಂಡನ್ನು ಗ್ರೀನ್ ಹತ್ತಿರ ಪರೀಕ್ಷೆ ಮಾಡಿ. ಎರಡು ಮೂರು ಥರದ್ದು ತಗೊಂಡು ಮೂವತ್ತು ಗಜದಿಂದ ಪಿಚ್ ಮಾಡಿ (ಎತ್ತರಕ್ಕೆ ಹಾರಿಸಿ), ಆಮೇಲೆ ಅವುಗಳಲ್ಲೇ ಪಟ್ ಮಾಡಿ. ಬಿದ್ದ ಮೇಲೆ ಎಷ್ಟು ಉರುಳಿತು, ಪಟರ್‌ಗೆ ತಾಗಿದ ಸದ್ದು ನಿಮಗೆ ಹಿಡಿಸಿತಾ ನೋಡಿ. ಕಂಪ್ರೆಶನ್ ನಂಬರ್‌ಗಳ ಬಗ್ಗೆ ಜಾಸ್ತಿ ಯೋಚಿಸಬೇಡಿ, ಅದು ಮುಟ್ಟಿದಾಗ ಮೆತ್ತಗೋ ಗಟ್ಟಿಯೋ ಎಂಬ ಅನುಭವದ ಮಾತು.

ಒಂದು ಸುತ್ತಿಗೆ ನಾಲ್ಕು ಚೆಂಡು ಕಳೆಯುತ್ತಿದ್ದರೆ ಎರಡು ಪದರದ ಅಯಾನೊಮರ್ ಚೆಂಡೇ ಸಾಕು. ಒಂದೋ ಎರಡೋ ಕಳೆಯುವ ಮಟ್ಟಕ್ಕೆ ಬಂದಾಗ ಮಧ್ಯಮ ಬೆಲೆಯ ಯುರೇಥೇನ್‌ಗೆ ಹೋಗಿ. ಆದರೆ ಯಾವುದನ್ನೇ ಆರಿಸಿ, ಒಂದೇ ಮಾದರಿಗೆ ಅಂಟಿಕೊಳ್ಳಿ. ಒಂದು ಹೋಲ್‌ನಲ್ಲಿ ಗಟ್ಟಿ ಚೆಂಡು, ಮುಂದಿನದರಲ್ಲಿ ಸಿಕ್ಕಿದ ಚೆಂಡು ಅಂತ ಆಡುತ್ತಾ ಹೋದರೆ ಚಿಪ್ (ಗ್ರೀನ್ ಪಕ್ಕದ ಗಿಡ್ಡ ಹೊಡೆತ) ಎಷ್ಟು ಉರುಳುತ್ತದೆ ಎಂಬ ಅಂದಾಜು ಕೈಗೆ ಕೂರುವುದೇ ಇಲ್ಲ. ಕೊಳದಿಂದ ಎತ್ತಿ ತೊಳೆದು ಮಾರುವ ಚೆಂಡು ಅಭ್ಯಾಸಕ್ಕೆ ಸರಿ. ಮತ್ತೆ ಬಣ್ಣ ಬಳಿದು ಹೊಸದರಂತೆ ಮಾಡಿದ್ದನ್ನು ಮಾತ್ರ ಬಿಡಿ. ಕೆಳಗೆ ಏನಿದೆಯೋ ಕಾಣುವುದಿಲ್ಲ, ಮೇಲಿನ ಬಣ್ಣ ಡಿಂಪಲ್‌ಗಳನ್ನೂ ತುಂಬಿರಬಹುದು. ಚೆಂಡು ಗಾಳಿಯಲ್ಲಿ ನಿಲ್ಲುವುದೇ ಆ ಕುಳಿಗಳಿಂದ.

ಸೆಕೆಂಡ್ ಹ್ಯಾಂಡ್ ಧಾರಾಳವಾಗಿ ನಡೆಯುತ್ತದೆ. ಐರನ್‌ಗಳಿಗಂತೂ ಅದೇ ಸರಿ. ನೋಡುವುದು ಹೀಗೆ: ಐರನ್‌ಗಳನ್ನು ನಂಬರ್ ಪ್ರಕಾರ ಸಾಲಾಗಿ, ತಲೆ ನೆಲಕ್ಕೆ ತಾಗಿಸಿ ಗೋಡೆಗೆ ಒರಗಿಸಿ. ಗ್ರಿಪ್‌ಗಳ ತುದಿ ಸುಮಾರು ಅರ್ಧ ಅರ್ಧ ಇಂಚಿನ ಮೆಟ್ಟಿಲಿನಂತೆ ಇಳಿಯಬೇಕು. ಮಧ್ಯೆ ಒಂದು ಮೆಟ್ಟಿಲು ಏರುಪೇರಾಗಿದ್ದರೆ ಯಾರೋ ಆ ಶಾಫ್ಟ್ ಬದಲಿಸಿದ್ದಾರೆ ಅಥವಾ ಕತ್ತರಿಸಿದ್ದಾರೆ. ಪ್ರತಿ ಕ್ಲಬ್ ಅನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಏನೋ ಗಲಗಲ ಎಂದರೆ ಅಂಟು ಬಿಟ್ಟಿರಬಹುದು. ಸ್ಟೀಲ್ ಶಾಫ್ಟ್ ತಲೆಗೆ ಸೇರುವ ಜಾಗದಲ್ಲಿ ತುಕ್ಕು, ಗ್ರಾಫೈಟ್‌ನಲ್ಲಿ ಉಗುರಿಗೆ ಸಿಗುವ ಬಿರುಕು ಇದ್ದರೆ ಬೇಡ. ವೆಡ್ಜ್ ಮಾತ್ರ ಹೊಸದು ಕೊಳ್ಳಿ ಅಥವಾ ಅಷ್ಟಾಗಿ ಆಡದ್ದು ನೋಡಿ, ಯಾಕೆಂದರೆ ಅದರ ಗೆರೆಗಳ ಅಂಚು ಮರಳಿನಲ್ಲಿ ಸವೆಯುತ್ತದೆ. ಹೊಸ ಮಾದರಿ ನಂಬಲಾಗದಷ್ಟು ಅಗ್ಗವಾಗಿ ಸಿಗುತ್ತಿದ್ದರೆ ನಕಲಿ ಇರಬಹುದು. ಸೀರಿಯಲ್ ನಂಬರನ್ನು ಕಂಪನಿಗೆ ಕಳಿಸಿ ಕೇಳಿ.

ಹಳೇ ಸೆಟ್‌ನ ಗ್ರಿಪ್ ನುಣುಪಾಗಿ ಹೊಳೆಯುತ್ತಿದ್ದರೆ ಹೊಸ ಗ್ರಿಪ್ ಹಾಕಿಸಿ. ಕಡಿಮೆ ಖರ್ಚಿನಲ್ಲಿ ಇಷ್ಟು ವ್ಯತ್ಯಾಸ ಕೊಡುವ ಕೆಲಸ ಇನ್ನೊಂದಿಲ್ಲ. ಜಾರುವ ಗ್ರಿಪ್ ಅನ್ನು ಕೈ ತಾನಾಗಿ ಬಿಗಿಯಾಗಿ ಹಿಡಿಯುತ್ತದೆ, ಮುಂಗೈ ಬಿಗಿಯಾದರೆ ಸ್ವಿಂಗ್ ಸತ್ತಂತೆ. ಎಡಗೈಯಲ್ಲಿ ಹಿಡಿದಾಗ ಮಧ್ಯದ ಎರಡು ಬೆರಳ ತುದಿ ಅಂಗೈಗೆ ಮೆಲ್ಲಗೆ ತಾಗಿದರೆ ದಪ್ಪ ಸರಿ. ಬೆರಳು ಅಂಗೈಗೆ ಚುಚ್ಚುವಂತಿದ್ದರೆ ಗ್ರಿಪ್ ತೆಳು, ತಾಗದೇ ಇದ್ದರೆ ದಪ್ಪ. ಆಗಾಗ ಸೋಪು ನೀರಲ್ಲಿ ತೊಳೆಯಿರಿ. ಸೆಟ್ ಅನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ದಿನಗಟ್ಟಲೆ ಬಿಡಬೇಡಿ, ಗ್ರಿಪ್ ಒಣಗುತ್ತದೆ, ತಲೆ ಹಿಡಿದಿರುವ ಅಂಟೂ ಸಡಿಲವಾಗುತ್ತದೆ.

ಉಳಿದ ಸಾಮಾನಿನಲ್ಲಿ ದುಡ್ಡು ಹಾಕಬೇಕಾದದ್ದು ಶೂಗೆ. ನಡೆಯುವುದೇ ಆಟದ ಅರ್ಧ ಕೆಲಸ, ಬೀಸುವಾಗ ಕಾಲು ಜಾರಿದರೆ ಯಾವ ಕ್ಲಬ್ಬೂ ಕಾಪಾಡುವುದಿಲ್ಲ. ಒಣ ನೆಲಕ್ಕೆ ಸ್ಪೈಕ್ ಇಲ್ಲದ್ದು ಸಾಕು, ಒದ್ದೆ ಹುಲ್ಲಿಗೆ ಪ್ಲಾಸ್ಟಿಕ್ ಸ್ಪೈಕ್ ಇರಲಿ. ಗ್ಲೌಸ್ ಚರ್ಮದಂತೆ ಅಂಟಿ ಕೂರಬೇಕು, ಬೆರಳ ತುದಿಯಲ್ಲಿ ಸಡಿಲ ಇರಬಾರದು. ಎರಡು ಇಟ್ಟುಕೊಂಡು ಬದಲಿಸುತ್ತಾ ಹಾಕಿ. ಬೆವರಿದ್ದನ್ನು ಮುದ್ದೆ ಮಾಡಿ ಬ್ಯಾಗಿಗೆ ತುರುಕದೆ ನೆರಳಲ್ಲಿ ಒಣಗಿಸಿ. ಒಂದು ಟವೆಲ್, ಪಿಚ್ ಮಾರ್ಕ್ (ಚೆಂಡು ಬಿದ್ದ ಗುಳಿ) ಸರಿಮಾಡುವ ಫೋರ್ಕ್, ಬಾಲ್ ಮಾರ್ಕರ್, ಚೆಂಡಿಗೆ ಗುರುತು ಹಾಕಲು ಪೆನ್ನು, ಇಷ್ಟು ಸಾಕು. ಐರನ್‌ಗಳಿಗೆ ಒಂದೊಂದಕ್ಕೂ ಟೋಪಿ ಕೊಳ್ಳುವುದು ನಿಮ್ಮ ಇಷ್ಟ.

ರೇಂಜ್‌ಫೈಂಡರ್ ಸದ್ಯಕ್ಕೆ ಬೇಡ. ಬಾವುಟ 138 ಗಜದಲ್ಲಿದೆ ಎಂದು ಅದು ಹೇಳುತ್ತದೆ. ನಿಮ್ಮ 8 ಐರನ್ ಎಷ್ಟು ಕ್ಯಾರಿ ಮಾಡುತ್ತದೆ ಎಂದು ನಿಮಗೇ ಗೊತ್ತಿಲ್ಲದಿದ್ದರೆ ಆ 138 ತಗೊಂಡು ಏನು ಮಾಡುತ್ತೀರಿ? ಮೊದಲು ಪ್ರತಿ ಕ್ಲಬ್‌ನ ಸರಾಸರಿ ಕ್ಯಾರಿ ಬರೆದಿಟ್ಟುಕೊಳ್ಳಿ. ಹವ್ಯಾಸಿಗಳ ಹೊಡೆತ ಹೆಚ್ಚಾಗಿ ಗ್ರೀನ್‌ಗಿಂತ ಮೊದಲೇ ಬೀಳುತ್ತದೆ, ಏಕೆಂದರೆ ತಮ್ಮ ಅತಿ ಒಳ್ಳೆಯ ಹೊಡೆತವನ್ನೇ ಮಾಮೂಲು ಎಂದುಕೊಂಡು ಕ್ಲಬ್ ಆರಿಸುತ್ತಾರೆ. ಆ ಪಟ್ಟಿ ಕೈಯಲ್ಲಿದ್ದ ಮೇಲೆ ರೇಂಜ್‌ಫೈಂಡರ್ ಕೊಳ್ಳಿ. ಏರಿಳಿತ ಲೆಕ್ಕ ಹಾಕುವ ಸ್ಲೋಪ್ ಸೌಲಭ್ಯವನ್ನು ಹೊರಗಿನಿಂದಲೇ ಆಫ್ ಮಾಡುವ ಗುಂಡಿ ಇರುವುದನ್ನು ನೋಡಿ ತಗೊಳ್ಳಿ. ದೂರ ಅಳೆಯಲು ನಿಯಮ ಒಪ್ಪುತ್ತದೆ, ಸ್ಪರ್ಧೆ ನಡೆಸುವವರು ಬೇಡ ಎನ್ನದಿದ್ದರೆ. ಸ್ಲೋಪ್ ಅಳತೆ ಮಾತ್ರ ಸ್ಪರ್ಧೆಯಲ್ಲಿ ಬಳಸುವಂತಿಲ್ಲ: ಸ್ಟ್ರೋಕ್ ಪ್ಲೇನಲ್ಲಿ ಮೊದಲ ಸಲ ಎರಡು ಹೊಡೆತ ದಂಡ, ಎರಡನೇ ಸಲ ಆಟದಿಂದಲೇ ಹೊರಗೆ.